ಗೊಂಬೆಯ ಒಡೆತನ ಮತ್ತು ಅಭಿಮಾನಿಗಳ ಅಸಮಾಧಾನ: ಮಪೆಟ್ ಪ್ರಕರಣದ ಒಂದು ವಿವೇಚನೆ

ಗೊಂಬೆಯೊಂದರ ಒಡೆಯ ಯಾರು ಎಂಬ ಪ್ರಶ್ನೆಗೆ ಕಾನೂನು ಕೊಡುವ ಉತ್ತರ ಒಂದು, ಆಟ ನೋಡಿದವರು ಕೊಡುವ ಉತ್ತರ ಮತ್ತೊಂದು. 2004ರ ಫೆಬ್ರವರಿಯಲ್ಲಿ ಅಮೆರಿಕದ ವಾಲ್ಟ್ ಡಿಸ್ನಿ ಕಂಪನಿಯು ಜಿಮ್ ಹೆನ್ಸನ್ ಕಂಪನಿಯಿಂದ ಮಪೆಟ್ ಗೊಂಬೆಗಳನ್ನು ಕೊಂಡುಕೊಳ್ಳುವ ಒಪ್ಪಂದವನ್ನು ಪ್ರಕಟಿಸಿದಾಗ ಈ ಎರಡು ಉತ್ತರಗಳ ನಡುವಣ ಅಂತರ ಎದ್ದು ಕಂಡಿತು. ಕರ್ಮಿಟ್ ಎಂಬ ಕಪ್ಪೆ, ಮಿಸ್ ಪಿಗ್ಗಿ ಎಂಬ ಹಂದಿ, ಫಾಜಿ ಎಂಬ ಕರಡಿ ಇವು 1976ರಿಂದ 1981ರವರೆಗೆ ‘ದಿ ಮಪೆಟ್ ಶೋ’ದ 120 ಕಂತುಗಳ ಮೂಲಕ ಹಲವು ದೇಶಗಳ ಮನೆಗಳನ್ನು ಹೊಕ್ಕ ಪಾತ್ರಗಳು. ದೊಡ್ಡ ಸಂಸ್ಥೆಯ ಕೈ ಸೇರಿದರೆ ಇವುಗಳಿಗೆ ಮರುಜೀವ ಬಂದೀತೆಂದು ನಂಬಿದ ಅಭಿಮಾನಿಗಳೂ ಇದ್ದರು. ಆದರೆ ಹೆಚ್ಚು ಕಾಲ ಉಳಿದದ್ದು ಅಸಮಾಧಾನವೇ. ಅದನ್ನು ಬಾಲ್ಯದ ಹಂಬಲವೆಂದು ತಳ್ಳಿಹಾಕುವುದು ಸುಲಭ. ಅದು ಸರಿಯಾದ ಓದಾಗಲಾರದು.

ಅಭಿಮಾನಿಗಳ ನಡುವೆ ರೂಪುಗೊಂಡ ಕಥನಕ್ಕೆ ಐತಿಹ್ಯದ ಎಲ್ಲ ಲಕ್ಷಣಗಳೂ ಇವೆ. ಅದರಲ್ಲಿ ಒಬ್ಬ ನಿರ್ಮಲ ಮನಸ್ಸಿನ ಕುಶಲಕರ್ಮಿಯಿದ್ದಾನೆ. ಅವನ ಅಕಾಲ ಮರಣವಿದೆ. ಅನಾಥವಾದ ಮಕ್ಕಳನ್ನು, ಅಂದರೆ ಗೊಂಬೆಗಳನ್ನು, ಕೊಂಡೊಯ್ಯುವ ವರ್ತಕನಿದ್ದಾನೆ. ಚರಿತ್ರೆ ಇಷ್ಟು ಸರಳವಾಗಿಲ್ಲ. 1955ರಲ್ಲಿ ತನ್ನ ತಾಯಿಯ ಹಳೆಯ ಕೋಟಿನ ಬಟ್ಟೆಯಿಂದ ಕರ್ಮಿಟ್‌ನನ್ನು ಹೊಲಿದ ಹೆನ್ಸನ್, ಎರಡೇ ವರ್ಷಗಳಲ್ಲಿ ಗೊಂಬೆಗಳನ್ನು ಕಾಫಿಪುಡಿಯ ಜಾಹೀರಾತಿಗೆ ಇಳಿಸಿದ್ದ. ಅಂದರೆ ಮಪೆಟ್‌ಗಳು ಮಾರುಕಟ್ಟೆಯ ಅಂಗಳದಲ್ಲಿಯೇ ಬೆಳೆದವು. 1989ರಲ್ಲಿ ಡಿಸ್ನಿಗೆ ಮಾರಲು ಮುಂದಾದವನೂ ಸ್ವತಃ ಹೆನ್ಸನ್ನನೇ. 1990ರ ಮೇ 16ರಂದು, 53ನೆಯ ವಯಸ್ಸಿನಲ್ಲಿ, ಆತ ತೀರಿಕೊಂಡ. ಆ ವರ್ಷದ ಕೊನೆಗೆ ಮಾತುಕತೆ ಮುರಿದುಬಿತ್ತು. 2000ದಲ್ಲಿ ಕಂಪನಿ ಜರ್ಮನಿಯ ಇಎಂ.ಟಿವಿ ಸಂಸ್ಥೆಯ ಪಾಲಾಯಿತು. 2003ರಲ್ಲಿ ಹೆನ್ಸನ್ ಕುಟುಂಬ ಅದನ್ನು ಮರಳಿ ಕೊಂಡಿತು, ವರ್ಷ ತುಂಬುವ ಮೊದಲೇ ಗೊಂಬೆಗಳನ್ನು ಡಿಸ್ನಿಗೆ ಒಪ್ಪಿಸಿತು. ವರ್ತಕ ಕಸಿದುಕೊಂಡ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಹಾಗೆಂದು ಐತಿಹ್ಯ ಸುಳ್ಳೆಂದು ತೀರ್ಮಾನಿಸಬೇಕಿಲ್ಲ. ಐತಿಹ್ಯಗಳು ಘಟನೆಯ ವಿಷಯದಲ್ಲಿ ತಪ್ಪಿದರೂ ಆತಂಕದ ವಿಷಯದಲ್ಲಿ ತಪ್ಪುವುದು ಅಪರೂಪ. ಇಲ್ಲಿಯ ಆತಂಕದ ಮೂಲ ಗೊಂಬೆಯ ರಚನೆಯಲ್ಲಿಯೇ ಇದೆ. ಮಪೆಟ್‌ನ ತಲೆ ಮೆತ್ತನೆಯದು. ಅದರೊಳಗೆ ಹೊಕ್ಕ ಕೈಯೇ ಅದರ ಮುಖಭಾವ. ಕರ್ಮಿಟ್ ಬೇಸರದಿಂದ ಮುಖ ಹಿಂಡಿಕೊಂಡನೆಂದರೆ ಒಳಗಿನ ಮುಷ್ಟಿ ಬಿಗಿದಿದೆ ಎಂದರ್ಥ. ಆಡಿಸುವವನು ತೋಳನ್ನು ಮೇಲೆತ್ತಿ, ಕೆಳಗಿನ ಪುಟ್ಟ ಪರದೆಯಲ್ಲಿ ತನ್ನದೇ ಆಟವನ್ನು ನೋಡುತ್ತ, ತಾನೇ ಧ್ವನಿಯನ್ನೂ ಕೊಡುತ್ತಾನೆ. ಚಿತ್ರದಲ್ಲಿ ಬರೆದ ಪಾತ್ರವನ್ನು ಮಾದರಿಹಾಳೆಯ ನೆರವಿನಿಂದ ಯಾವ ಕಲಾವಿದನಾದರೂ ಮರುರಚಿಸಬಹುದು. ಮಿಕ್ಕಿ ಇಲಿಯ ಸಂಸ್ಥೆಗೆ ರೂಢಿಯಾದ ವಿಧಾನ ಅದು. ಕೈ ಮತ್ತು ಕಂಠ ಬೆಸೆದ ಪಾತ್ರಕ್ಕೆ ಅಂತಹ ಮಾದರಿಹಾಳೆ ಸಾಲದು.

2017ರ ವಿವಾದ ಇದನ್ನು ಬಯಲಿಗೆ ತಂದಿತು. ಹೆನ್ಸನ್‌ನ ಬಳಿಕ 1990ರಿಂದ ಕರ್ಮಿಟ್‌ನನ್ನು ಆಡಿಸುತ್ತಿದ್ದ ಸ್ಟೀವ್ ವಿಟ್‌ಮೈರ್‌ನನ್ನು ಡಿಸ್ನಿ ಕೈಬಿಟ್ಟ ಸಂಗತಿ ಆ ವರ್ಷ ಬಹಿರಂಗವಾಯಿತು. ಕಂಪನಿ ಆತನ ನಡವಳಿಕೆಯನ್ನು ಆಕ್ಷೇಪಿಸಿತು. ಪಾತ್ರದ ಸ್ವಭಾವಕ್ಕಾಗಿ ತಾನು ವಾದಿಸಿದ್ದೆನೆಂಬುದು ಆತನ ಸಮರ್ಥನೆ. ಹೆನ್ಸನ್‌ನ ಮಕ್ಕಳಲ್ಲಿ ಕೆಲವರು ಬಹಿರಂಗವಾಗಿ ಕಂಪನಿಯ ನಿರ್ಧಾರದ ಪರ ನಿಂತರು. ಕಾನೂನಿನ ಹಕ್ಕು, ರಕ್ತದ ಹಕ್ಕು, ಕೈಯ ಹಕ್ಕು ಈ ಮೂರೂ ಮುಖಾಮುಖಿಯಾದಾಗ ಅಭಿಮಾನಿಗಳು ಇಬ್ಭಾಗವಾದರು. ಅವರಲ್ಲಿ ಅನೇಕರು ಕುಟುಂಬಕ್ಕಿಂತ ಕೈಗೆ ಹೆಚ್ಚಿನ ಮಾನ್ಯತೆ ಕೊಟ್ಟರೆಂಬುದು ಜಾನಪದ ದೃಷ್ಟಿಯಿಂದ ಮಹತ್ವದ ಸಂಗತಿ.

ಕರ್ನಾಟಕದ ತೊಗಲುಗೊಂಬೆಯಾಟದಲ್ಲಿ ಇಂತಹ ತಕರಾರಿಗೆ ಆಸ್ಪದವೇ ಇರಲಿಲ್ಲ. ಅಲ್ಲಿಯ ಹಾಸ್ಯಜೋಡಿಯಾದ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಯಾವ ಒಂದು ಮೇಳದ ಸ್ವತ್ತೂ ಅಲ್ಲ. ರಕ್ತ ಮತ್ತು ಕೈ ಒಂದೇ ಮನೆಯಲ್ಲಿದ್ದವು. ಆದರೆ ಇದನ್ನು ಆದರ್ಶವೆಂದು ಕೊಂಡಾಡಬೇಕಾಗಿಲ್ಲ. ಒಡೆಯನಿಲ್ಲದ ಪಾತ್ರಕ್ಕೆ ಪೋಷಕನೂ ಸಿಗದೆ ಎಷ್ಟೋ ಮನೆಗಳಲ್ಲಿ ಗೊಂಬೆಗಳು ಪೆಟ್ಟಿಗೆಯಲ್ಲಿಯೇ ಉಳಿದವು.

ಈ ಅಸಮಾಧಾನವನ್ನು ಕಂಪನಿ ನಿಭಾಯಿಸಿದ ಬಗೆ ಕುತೂಹಲಕರವಾದುದು. ಡಿಸ್ನಿಯೇ ನಿರ್ಮಿಸಿದ 2011ರ ‘ದಿ ಮಪೆಟ್ಸ್’ ಚಲನಚಿತ್ರದಲ್ಲಿ ಟೆಕ್ಸ್ ರಿಚ್‌ಮನ್ ಎಂಬ ತೈಲ ಉದ್ಯಮಿ ಮಪೆಟ್‌ಗಳ ಹಳೆಯ ರಂಗಮಂದಿರವನ್ನು ಕೆಡವಿ ಎಣ್ಣೆ ತೆಗೆಯಲು ಹವಣಿಸುತ್ತಾನೆ. ಕರಾರುಪತ್ರದ ಬಲದಿಂದ ಮಪೆಟ್ ಎಂಬ ಹೆಸರನ್ನೂ ತನ್ನದಾಗಿಸಿಕೊಳ್ಳುತ್ತಾನೆ. ಗೊಂಬೆಗಳನ್ನು ಮತ್ತೆ ಒಟ್ಟುಗೂಡಿಸುವ ವಾಲ್ಟರ್ ಒಬ್ಬ ಅಭಿಮಾನಿ. ಅಭಿಮಾನಿಗಳ ಐತಿಹ್ಯವನ್ನೇ ಕೊಂಡವನು ಕಥಾವಸ್ತುವಾಗಿಸಿ, ವರ್ತಕನ ಪಾತ್ರವನ್ನು ಬೇರೊಬ್ಬನಿಗೆ ವಹಿಸಿದ್ದಾನೆ. ಗೊಂಬೆಗಳ ಜೊತೆಗೆ ಅವುಗಳ ಕುರಿತ ದೂರೂ ಸ್ವತ್ತಾಯಿತೆಂದರೆ ಅತಿಶಯವಲ್ಲ. ಚಿತ್ರವನ್ನು ಬಹುಪಾಲು ಅಭಿಮಾನಿಗಳು ಸಂಭ್ರಮದಿಂದ ಒಪ್ಪಿಕೊಂಡರು. ಮಿಸ್ ಪಿಗ್ಗಿಯ ಮೂಲ ಕೈಯಾದ ಫ್ರಾಂಕ್ ಆಜ್ ಮಾತ್ರ ಚಿತ್ರಕಥೆಯು ಪಾತ್ರಗಳನ್ನು ಗೌರವಿಸಿಲ್ಲವೆಂದು ಬಹಿರಂಗವಾಗಿ ಹೇಳಿದ. 2015ರ ದೂರದರ್ಶನ ಸರಣಿ ಒಂದೇ ಹಂತದಲ್ಲಿ ನಿಂತುಹೋಯಿತು. ಅದರ ಬಗ್ಗೆ ಹೆಚ್ಚು ಹೇಳುವಂತಹುದಿಲ್ಲ.

ಫ್ಲಾರಿಡಾದ ಡಿಸ್ನಿ ಉದ್ಯಾನದಲ್ಲಿದ್ದ ‘ಮಪೆಟ್ ವಿಷನ್ 3ಡಿ’ ಪ್ರದರ್ಶನ 2025ರ ಜೂನ್‌ನಲ್ಲಿ ಮುಚ್ಚಿದಾಗ ವ್ಯಕ್ತವಾದ ಶೋಕ ಬೇರೆ ಬಗೆಯದು. ಆ ಜಾಗ ‘ಮಾನ್‌ಸ್ಟರ್ಸ್ ಇಂಕ್’ ಚಿತ್ರದ ವಸ್ತುವಿಗೆ ಮೀಸಲಾಯಿತು. ಮಪೆಟ್‌ಗಳಿಗೆ ಅದೇ ಉದ್ಯಾನದ ಬೇರೊಂದು ಕಡೆ ನೆಲೆ ಕೊಡುವುದಾಗಿ ಕಂಪನಿ ಮೊದಲೇ ಪ್ರಕಟಿಸಿತ್ತು. ಅಭಿಮಾನಿಗಳಿಗೆ ಇದರಿಂದ ಸಮಾಧಾನವಾಗಲಿಲ್ಲ. ಆ ಚಿತ್ರವನ್ನು ನಿರ್ದೇಶಿಸಿದವನು ಹೆನ್ಸನ್; ಆತನ ಮರಣದ ಸರಿಯಾಗಿ ಒಂದು ವರ್ಷಕ್ಕೆ, 1991ರ ಮೇ 16ರಂದು, ಅದು ತೆರೆಯಿತು. ಮೇಲಂಕಣದಲ್ಲಿ ಯಂತ್ರಚಾಲಿತ ಮುದುಕರಿಬ್ಬರು, ಸ್ಟಾಟ್ಲರ್ ಮತ್ತು ವಾಲ್ಡಾರ್ಫ್, ಆಟವನ್ನು ಗೇಲಿ ಮಾಡುತ್ತ ಕೂತಿರುತ್ತಿದ್ದರು. ಪರದೆಯ ಮೇಲೆ ಕರ್ಮಿಟ್ ಆಡುತ್ತಿದ್ದ ಮಾತು 34 ವರ್ಷಗಳ ಕಾಲವೂ ಹೆನ್ಸನ್‌ನ ಕಂಠದ್ದೇ.