ಹತ್ತಿರದ ಹಕ್ಕಿ

ಕಥೆ, ಕವಿತೆ, ನಾಟಕಗಳಿಗೆ ವಿಮರ್ಶೆಯುಂಟು. ಛಾಯಾಚಿತ್ರಕ್ಕೆ ಮಾತ್ರ ‘ಬಹಳ ಚೆನ್ನಾಗಿದೆ’ ಎಂಬ ಒಂದೇ ಮಾತು ಸಾಕೆಂದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ರಜೆಯಲ್ಲಿ ಊರಿಗೆ ಹೋದವರು ಮರಳುವಾಗ ಹಪ್ಪಳ ಸಂಡಿಗೆಗಳ ಜೊತೆಗೆ ಈಗ ಹಕ್ಕಿಗಳ ಚಿತ್ರಗಳನ್ನೂ ತರುತ್ತಾರೆ. ದಾಂಡೇಲಿಯ ಮಂಗಟ್ಟೆ, ರಂಗನತಿಟ್ಟಿನ ಚಮಚಕೊಕ್ಕು, ಕಬಿನಿಯ ಮಿಂಚುಳ್ಳಿ, ಎಲ್ಲವೂ ಕೈಗೆಟಕುವಷ್ಟು ಹತ್ತಿರ. ಇಂಥ ಚಿತ್ರಗಳೇ ಒಂದು ಪ್ರಕಾರವಾಗಿ ಬೆಳೆದಿರುವಾಗ ಇವುಗಳ ಗುಣದೋಷಗಳನ್ನು ಪರಿಶೀಲಿಸುವುದು ಅನುಚಿತವಾಗಲಾರದು.

ಗುಣದ ಮಾತನ್ನು ಮೊದಲು ಹೇಳಬೇಕು. ಕಣ್ಣಿನ ಸುತ್ತಲಿನ ಬಣ್ಣ, ಗರಿಯ ಅಂಚು, ಕೊಕ್ಕಿನ ಬಾಗು, ಇವೆಲ್ಲ ಬರಿಗಣ್ಣಿಗೆ ದಕ್ಕುವಂಥವಲ್ಲ. ಮುಂಬಯಿಯ ಹತ್ತನೆಯ ಮಹಡಿಯಲ್ಲಿ ಪಾರಿವಾಳ, ಕಾಗೆಗಳನ್ನಷ್ಟೇ ಕಂಡ ಮಗು ಇಂಥ ಚಿತ್ರ ನೋಡಿ ‘ಇದು ನಮ್ಮೂರಿನ ಹಕ್ಕಿಯೇ?’ ಎಂದು ಕೇಳಿದರೆ ಅದೇನು ಸಣ್ಣ ಲಾಭವಲ್ಲ.

ಆದರೆ ಇಪ್ಪತ್ತು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ಒಂದು ಕೊಂಬೆ, ಅದರ ಮೇಲೊಂದು ಹಕ್ಕಿ, ಹಿಂದೆ ಕಲಸಿಟ್ಟ ಹಸಿರು. 500, 600 ಮಿಲಿಮೀಟರಿನ ಮಸೂರಗಳು ಹಿನ್ನೆಲೆಯನ್ನು ಅಳಿಸಿಹಾಕುತ್ತವೆ. ಹಕ್ಕಿ ಕಾಳಿ ನದಿಯ ದಂಡೆಯದೋ ಕೇರಳದ ಕಾಡಿನದೋ ತಿಳಿಯದು. ಹಲವೆಡೆ ಆ ಕೊಂಬೆಯೂ ಕಾಡಿನದಲ್ಲ. ನೀರಿನ ತೊಟ್ಟಿ ಇಟ್ಟು, ಕಾಳು ಚೆಲ್ಲಿ, ಕ್ಯಾಮರಾಕ್ಕೆ ಅನುಕೂಲವಾಗುವಂತೆ ನೆಟ್ಟದ್ದು. ಸ್ಟುಡಿಯೋದ ಪರದೆಯ ಮುಂದೆ ನಿಲ್ಲಿಸಿ ತೆಗೆದ ಮದುವೆಯ ಫೋಟೋಗಳನ್ನು ಕಂಡವರಿಗೆ ಈ ಕಲೆ ಹೊಸದಲ್ಲ.

ಬೇರೆ ದಾರಿಯೂ ಇದೆ. 1940ರ ದಶಕದಲ್ಲಿ ಸಂಡೂರು ಸಂಸ್ಥಾನದ ಸೇವೆಯಲ್ಲಿದ್ದು, ಅನಂತರ ಮದರಾಸಿನಲ್ಲಿ ನೆಲೆಸಿದ ಎಂ. ಕೃಷ್ಣನ್ (1912–1996) ಅವರ ಕಪ್ಪುಬಿಳುಪು ಚಿತ್ರಗಳಲ್ಲಿ ಜೀವಿಯ ಜೊತೆಗೆ ಅದು ನಿಂತ ನೆಲವೂ ಮರವೂ ಇರುತ್ತವೆ. ನಮ್ಮ ಪೂರ್ಣಚಂದ್ರ ತೇಜಸ್ವಿ (1938–2007) ಮೂಡಿಗೆರೆಯ ತಮ್ಮ ತೋಟದ ಸುತ್ತಲಿನ ಹಕ್ಕಿಗಳನ್ನು ವರ್ಷಾನುಗಟ್ಟಲೆ ನೋಡಿದರು, ಚಿತ್ರ ತೆಗೆದರು, ‘ಹಕ್ಕಿಪುಕ್ಕ’ದಂಥ ಪುಸ್ತಕ ಬರೆದರು. ಪ್ರವಾಸಿಗೆ ಅಷ್ಟು ಕಾಲವಿಲ್ಲ, ನಿಜ. ಎರಡು ದಿನದ ಬಿಡುವಿನಲ್ಲಿ ಹತ್ತಿರವನ್ನು ಕಾದು ಪಡೆಯಲಾಗದವನು ನುಗ್ಗಿ ಪಡೆಯುತ್ತಾನೆ. ಪ್ರಶ್ನೆ ಬರಿಯ ಅಭಿರುಚಿಯದಾಗಿ ಉಳಿಯದಿರುವುದು ಇಲ್ಲಿಯೇ.

ಹಿಂದಿನವರು ಗೂಡಿನ ಬಳಿ ಮರೆ ಕಟ್ಟಿ ಚಿತ್ರ ತೆಗೆಯುತ್ತಿದ್ದರು. ಸಲೀಂ ಅಲಿಯವರ ಜೊತೆ ತಿರುಗಾಡಿದ ಲೋಕೆ ವಾನ್ ಥೋ ಅವರ ‘ಎ ಕಂಪನಿ ಆಫ್ ಬರ್ಡ್ಸ್’ (1957) ಇದಕ್ಕೆ ಸಾಕ್ಷಿ. ಅಂದಿನ ಫಿಲ್ಮು ನಿಧಾನ, ಮಸೂರ ದುರ್ಬಲ. ಹಕ್ಕಿ ಖಂಡಿತವಾಗಿ ಮರಳಿ ಬರುವ ಸ್ಥಳವೆಂದರೆ ಗೂಡೊಂದೇ. ಇಂದಿನ ಉಪಕರಣಗಳ ಮುಂದೆ ಆ ಸಬೂಬು ನಿಲ್ಲುವುದಿಲ್ಲ.

ಮಂಗಟ್ಟೆಯನ್ನೇ ನೋಡಿ. ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು ಬಾಯಿಯನ್ನು ಮುಚ್ಚಿಕೊಂಡು, ಕೊಕ್ಕು ತೂರುವಷ್ಟೇ ಸೀಳು ಬಿಡುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳೂ ಉದುರುತ್ತವೆ. ತಿಂಗಳುಗಟ್ಟಲೆ ತಾಯಿಗೂ ಮರಿಗೂ ಗಂಡು ತಂದ ಹಣ್ಣೇ ಗತಿ. ಆ ಗಂಡು ಬಲು ಸಂಕೋಚದ ಪ್ರಾಣಿ. ಮರದಡಿ ಜನ ಕಂಡರೆ ಗಂಟಲಲ್ಲಿ ಹಣ್ಣು ತುಂಬಿಕೊಂಡೇ ದೂರದ ಕೊಂಬೆಯಲ್ಲಿ ಕುಳಿತಿರುತ್ತದೆ. ನಮ್ಮ ಮಕ್ಕಳ ಬೇಸಗೆ ರಜೆಯೂ ಅದರ ಬಾಣಂತನವೂ ಒಂದೇ ಕಾಲಕ್ಕೆ ಬರುತ್ತವೆ. ‘ಇನ್ನೊಂದು ಅರ್ಧ ಗಂಟೆ’ ಎಂದು ನಾಲ್ಕು ತಂಡದವರು ಸರದಿಯಲ್ಲಿ ನಿಂತರೆ ಒಳಗಿನ ಹಸಿವು ಎಷ್ಟಾಯಿತು? ಎಷ್ಟೇ ಸ್ಫುಟವಾದ ಚಿತ್ರದಲ್ಲೂ ಈ ಲೆಕ್ಕ ಕಾಣುವುದಿಲ್ಲ.

ಹತ್ತಿರ ಹೋಗುವುದೇ ತಪ್ಪೆಂದು ಇದರ ಅರ್ಥವಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಿಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಕಾಣುತ್ತಾರೆ. ಸರ್ಕಾರ 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು; ಊರವರು ಅದಕ್ಕೂ ಮೊದಲೇ ಘೋಷಿಸಿದ್ದರು. ಅಲ್ಲಿ ಸಾಮೀಪ್ಯ ಹಕ್ಕಿ ತಾನಾಗಿ ಕೊಟ್ಟದ್ದು. ಮುಂಬಯಿಯ ಓದುಗರಿಗೆ ಊರಿಗೆ ಹೋಗುವವರೆಗೂ ಕಾಯಬೇಕಿಲ್ಲ. ಠಾಣೆ ಖಾಡಿಯ ಒಂದು ಭಾಗ 2015ರಿಂದ ರಾಜಹಂಸಗಳ ಅಭಯಾರಣ್ಯ. ಇಳಿತದಲ್ಲಿ ದೂರದ ಕೆಸರಿನಲ್ಲಿ ಕೊಕ್ಕನ್ನು ತಲೆಕೆಳಗು ಮಾಡಿ ಮೇಯುವ ಹಕ್ಕಿಗಳನ್ನು ಉಬ್ಬರದ ನೀರೇ ದಡದ ಕಡೆಗೆ ತರುತ್ತದೆ. ಉಬ್ಬರದ ವೇಳೆ ನೋಡಿಕೊಂಡು ಹೋಗಿ ಸುಮ್ಮನೆ ಕುಳಿತವನಿಗೆ ದಕ್ಕುವ ಚಿತ್ರವೇ ಬೇರೆ, ದೋಣಿ ನುಗ್ಗಿಸಿ ಹಿಂಡನ್ನು ಎಬ್ಬಿಸಿದವನಿಗೆ ದಕ್ಕುವುದೇ ಬೇರೆ. ಮೊದಲನೆಯದರಲ್ಲಿ ಹಕ್ಕಿ ತನ್ನ ಪಾಡಿಗೆ ಉಣ್ಣುತ್ತಿರುತ್ತದೆ. ಎರಡನೆಯದರಲ್ಲಿ ನಮ್ಮಿಂದ ಓಡುತ್ತಿರುತ್ತದೆ. ಕೆಂಪುರೆಕ್ಕೆಗಳ ಆ ಹಾರಾಟ ಎಷ್ಟೇ ಸೊಗಸಾಗಿದ್ದರೂ ಅದು ಭಯದ ಚಿತ್ರ.

ಆದ್ದರಿಂದ ನಮ್ಮದೊಂದು ಸೂಚನೆ. ಹಕ್ಕಿಯ ಚಿತ್ರವನ್ನು ನಾಲ್ಕು ಜನರಿಗೆ ತೋರಿಸುವಾಗ ಎಲ್ಲಿ, ಯಾವ ತಿಂಗಳಲ್ಲಿ, ಹೇಗೆ ತೆಗೆದದ್ದೆಂಬುದನ್ನು ಕೆಳಗೆ ಎರಡು ಸಾಲಿನಲ್ಲಿ ಬರೆಯೋಣ. ಗೂಡಿನ ಜಾಗವನ್ನು ಮಾತ್ರ ಯಾರಿಗೂ ಹೇಳದಿರೋಣ. ‘ಹೇಗೆ’ ಎಂಬುದನ್ನು ಬರೆಯಲು ಕೈ ಹಿಂಜರಿದರೆ ಆ ಚಿತ್ರದ ವಿಮರ್ಶೆ ಅಲ್ಲಿಗೇ ಮುಗಿಯಿತು. ನೋಡುವವರೂ ಗರಿ ಎಣಿಸುವುದಕ್ಕೆ ಮೊದಲು ಹಕ್ಕಿಯ ಕಣ್ಣು ನೋಡಲಿ: ಅದು ತನ್ನ ಕೆಲಸದಲ್ಲಿದೆಯೇ, ನಮ್ಮನ್ನೇ ದಿಟ್ಟಿಸುತ್ತಿದೆಯೇ? ಸ್ವಲ್ಪ ದೂರದಿಂದ ತೆಗೆದ, ಹಕ್ಕಿ ಸಣ್ಣದಾಗಿ ಕಂಡು ಅದರ ಮರವೂ ಮುಗಿಲೂ ಕಾಣುವ ಚಿತ್ರಕ್ಕೆ ಮುಂದಿನ ಸಲ ನಮ್ಮ ಮೆಚ್ಚುಗೆಯಲ್ಲಿ ಹೆಚ್ಚಿನ ಪಾಲು ಸಲ್ಲಲಿ.