ಮನಸ್ಸು ಸರಿಹೋಗಲೆಂದು ಕಾಯದ ಚಿಕಿತ್ಸೆ

ಖಿನ್ನತೆಯ ಬಗ್ಗೆ ಕನ್ನಡದಲ್ಲಿ ಬರವಣಿಗೆಗೆ ಕೊರತೆಯಿಲ್ಲ. ‘ಕೊರವಂಜಿ’ ಪತ್ರಿಕೆಯ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಮನೋವೈದ್ಯಕೀಯದ ಕೃತಿಯೊಂದಕ್ಕೆ ಅಂಥ ಗೌರವ ಸಂದದ್ದು ಸಣ್ಣ ಸಂಗತಿಯಲ್ಲ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ದಶಕಗಳ ಕಾಲ ಸಾಮಾನ್ಯ ಓದುಗರಿಗೆಂದೇ ಪುಸ್ತಕದ ಮೇಲೆ ಪುಸ್ತಕ ಬರೆದರು. ಪತ್ರಿಕೆಗಳ ಪುರವಣಿ, ಆಕಾಶವಾಣಿಯ ಸಂದರ್ಶನ, ಪ್ರತಿ ಅಕ್ಟೋಬರ್ 10ರ ಮಾನಸಿಕ ಆರೋಗ್ಯ ದಿನದ ಭಾಷಣ ಇವೆಲ್ಲ ಸೇರಿ ಓದುಬಲ್ಲವರ ಮನಸ್ಸಿನಲ್ಲಿ ಎರಡು ಮಾತು ಊರಿಸಿವೆ: ಖಿನ್ನತೆ ಒಂದು ಕಾಯಿಲೆ, ನಾಚಿಕೆಪಡಬೇಕಾಗಿಲ್ಲ; ಬಂದರೆ ಸಹಾಯ ಕೇಳಿ. ಎರಡೂ ನಿಜವೇ. ಆದರೆ ಎರಡನೆಯ ಮಾತಿನಲ್ಲಿ ದೊಡ್ಡ ತೊಡಕಿದೆ. ಎದ್ದು ಹೊರಡುವ, ನಾಲ್ಕು ಮಾತು ಜೋಡಿಸಿ ಕಷ್ಟ ಹೇಳಿಕೊಳ್ಳುವ, ಹೇಳಿಕೊಂಡರೆ ಏನಾದರೂ ಒಳ್ಳೆಯದಾದೀತು ಎಂದು ನಂಬುವ ಶಕ್ತಿಯನ್ನೇ ಈ ಕಾಯಿಲೆ ಮೊದಲು ಕಸಿಯುತ್ತದೆ. ‘ಕೇಳಿದರೆ ಕೊಡುತ್ತೇವೆ’ ಎನ್ನುವ ವ್ಯವಸ್ಥೆ ತನಗೆ ಗೊತ್ತಿಲ್ಲದೆಯೇ ಹೆಚ್ಚು ಕಾಯಿಲೆಯಾದವರನ್ನು ಹೊರಗಿಡುತ್ತದೆ. ಆದ್ದರಿಂದ ಖಿನ್ನತೆಯ ಯಾವುದೇ ಚಿಕಿತ್ಸಾ ಕ್ರಮವನ್ನು ತೂಗುವಾಗ ನಾನು ಮೊದಲು ಕೇಳುವ ಪ್ರಶ್ನೆ, ಅದರಲ್ಲಿ ಮೊದಲ ಹೆಜ್ಜೆ ಯಾರದು ಎಂಬುದು. ಈ ಅಳತೆಗೆ ನಮ್ಮ ನೆರೆಯ ಗೋವಾದಲ್ಲಿ ನಡೆದ ಪ್ರಯೋಗವೊಂದು ಬಹುಮಟ್ಟಿಗೆ ನಿಲ್ಲುತ್ತದೆ. ನಿಲ್ಲದ ಕಡೆಯೂ ಅದರಿಂದ ಕಲಿಯುವುದಿದೆ.

ಮೊದಲು ಕಾಯಿಲೆಯನ್ನು ಹತ್ತಿರದಿಂದ ನೋಡೋಣ. ಜಗತ್ತಿನಾದ್ಯಂತ ಆಸ್ಪತ್ರೆಗಳಲ್ಲಿ ಖಿನ್ನತೆ ಪತ್ತೆಗೆ ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯೊಂದಿದೆ, ಪಿಎಚ್‌ಕ್ಯೂ-9 ಎಂದು ಅದರ ಹೆಸರು. ಕಳೆದ ಎರಡು ವಾರಗಳಲ್ಲಿ ಹೇಗಿದ್ದಿರಿ ಎಂದು ಕೇಳಿ ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಬೇಸರ, ಹತಾಶೆಯ ಬಗ್ಗೆ ನೇರವಾಗಿ ಕೇಳುವುದು ಒಂದೇ ಒಂದು ಪ್ರಶ್ನೆ. ಉಳಿದವು ಬೇರೆ: ಯಾವುದರಲ್ಲೂ ಆಸಕ್ತಿ ಇಲ್ಲವೇ, ನಿದ್ದೆ ಹೇಗಿದೆ, ಸುಸ್ತಿದೆಯೇ, ಊಟ ಸೇರುತ್ತದೆಯೇ, ನಾನು ಪ್ರಯೋಜನಕ್ಕೆ ಬಾರದವಳು ಅನ್ನಿಸುತ್ತದೆಯೇ, ಓದಿದ್ದು ಕೇಳಿದ್ದು ತಲೆಗೆ ಹತ್ತುತ್ತದೆಯೇ, ನಡೆ ನುಡಿ ನಿಧಾನವಾಗಿದೆಯೇ ಅಥವಾ ಚಡಪಡಿಕೆಯೇ, ಸತ್ತರೆ ಮೇಲು ಎಂಬ ಯೋಚನೆ ಬಂದಿದೆಯೇ. ಸಿನಿಮಾದಲ್ಲಿ ಕಿಟಕಿಯ ಬಳಿ ಕೂತು ಕಣ್ಣೀರಿಡುವ ಮನುಷ್ಯನ ಚಿತ್ರ ಈ ಪಟ್ಟಿಯಲ್ಲಿ ಎಲ್ಲೋ ಒಂದು ಮೂಲೆ. ದಿನದ ಬದುಕು ನಿಂತುಹೋಗುವುದು ಇದರ ತುಂಬ ಹರಡಿದೆ. ಹಾಗಾಗಿಯೇ ಖಿನ್ನತೆ ಇರುವವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಾಗ ಮನಸ್ಸಿನ ಮಾತೆತ್ತುವುದಿಲ್ಲ. ಮೈಯೆಲ್ಲ ಭಾರ, ತಲೆ ಸಿಡಿಯುತ್ತದೆ, ಎದೆ ಹಿಡಿದಂತಾಗುತ್ತದೆ, ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ ಎನ್ನುತ್ತಾರೆ. ನೂರು ಜನ ಸಾಲಿನಲ್ಲಿ ನಿಂತಿರುವ ಒಪಿಡಿಯಲ್ಲಿ ವೈದ್ಯರು ಬಿ ಕಾಂಪ್ಲೆಕ್ಸ್ ಮಾತ್ರೆಯನ್ನೋ ತಾಕತ್ತಿನ ಇಂಜೆಕ್ಷನ್ನನ್ನೋ ಬರೆದುಕೊಡುತ್ತಾರೆ. ಒಂದೆರಡು ವಾರದಲ್ಲಿ ಅದೇ ಚೀಟಿ ಹಿಡಿದು ಅವರು ಮತ್ತೆ ಬರುತ್ತಾರೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು ಇಪ್ಪತ್ತಕ್ಕೆ ಒಬ್ಬರನ್ನು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಕಾಡಿರುತ್ತದೆ. ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆಗಳಿರುವ ನೂರರಲ್ಲಿ 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಈ 85 ಮಂದಿಯೆಲ್ಲ ಮನೆಯೊಳಗೆ ಅಡಗಿ ಕೂತವರೆಂದು ತಿಳಿಯಬಾರದು. ಇವರಲ್ಲಿ ಎಷ್ಟೋ ಜನ ಆಸ್ಪತ್ರೆಯ ಬೆಂಚಿನ ಮೇಲೆಯೇ ಕೂತಿರುತ್ತಾರೆ.

ಗೋವಾದ ಪ್ರಯೋಗ ಆ ಬೆಂಚಿನಿಂದಲೇ ಶುರುವಾಗುತ್ತದೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 1996ರಲ್ಲಿ ಕಟ್ಟಿದ ‘ಸಂಗಾತ್’ ಸಂಸ್ಥೆ ಇದನ್ನು ರೂಪಿಸಿತು. ‘ಹೆಲ್ದಿ ಆಕ್ಟಿವಿಟಿ ಪ್ರೋಗ್ರಾಂ’ ಎಂದು ಇದಕ್ಕೆ ಹೆಸರು. ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಯಾವುದೋ ಕಾಯಿಲೆಗೆಂದು ಬಂದವರಿಗೆ ಆ ಒಂಬತ್ತು ಪ್ರಶ್ನೆ ಕೇಳಿ, 27ಕ್ಕೆ 14 ದಾಟಿದವರನ್ನು, ಅಂದರೆ ಖಿನ್ನತೆ ಸಾಕಷ್ಟು ತೀವ್ರವಾಗಿದ್ದವರನ್ನು, ಸೇರಿಸಿಕೊಂಡರು. ಅರ್ಧ ಮಂದಿಗೆ ಎಂದಿನ ಚಿಕಿತ್ಸೆಯನ್ನೇ ಸ್ವಲ್ಪ ಬಲಪಡಿಸಿ ಕೊಟ್ಟರು. ಉಳಿದರ್ಧ ಮಂದಿಗೆ ಅದರ ಜೊತೆಗೆ ಒಬ್ಬ ಸಮಾಲೋಚಕರನ್ನು ಗೊತ್ತುಮಾಡಿದರು. ಈ ಸಮಾಲೋಚಕರು ವೈದ್ಯರೂ ಅಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ, ತರಬೇತಿ ಪಡೆದ ಸ್ಥಳೀಯರು. ಆರರಿಂದ ಎಂಟು ಭೇಟಿ, ಒಂದೊಂದೂ ಅರ್ಧ ಗಂಟೆಗಿಂತ ತುಸು ಹೆಚ್ಚು. ಆರೋಗ್ಯ ಕೇಂದ್ರಕ್ಕೆ ಬರಲಾಗದವರ ಮನೆಗೇ ಹೋಗುತ್ತಿದ್ದರು. ಕೆಲಸದ ಗುಣಮಟ್ಟ ಕಾಯಲು ಸಮಾಲೋಚಕರೇ ಪರಸ್ಪರರ ಭೇಟಿಯ ಧ್ವನಿಮುದ್ರಿಕೆ ಕೇಳಿ, ಎಲ್ಲಿ ಸರಿ ಎಲ್ಲಿ ತಪ್ಪು ಎಂದು ಅಂಕ ಹಾಕುವ ಏರ್ಪಾಡಿತ್ತು. ಮನೋವೈದ್ಯರ ಅಭಾವವಿರುವ ಕಡೆ ಇದು ಬಹಳ ಜಾಣತನದ ವ್ಯವಸ್ಥೆ ಎಂದು ನನ್ನ ಅಭಿಪ್ರಾಯ.

ಇದರ ಹಿಂದಿರುವ ತತ್ತ್ವ ಹೊಸದೇನಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್ಸನ್ 1970ರ ದಶಕದಲ್ಲೇ ಇದನ್ನು ಮುಂದಿಟ್ಟಿದ್ದರು. ಬದುಕಿಗೆ ರುಚಿ ಕೊಡುತ್ತಿದ್ದ ಕೆಲಸಗಳಿಂದ ಮನುಷ್ಯ ಹಿಂದೆ ಸರಿಯುತ್ತಾನೆ. ಸರಿದಷ್ಟೂ ಮನಸ್ಸು ಕುಗ್ಗುತ್ತದೆ. ಕುಗ್ಗಿದಷ್ಟೂ ಇನ್ನಷ್ಟು ಸರಿಯುತ್ತಾನೆ. ಈ ಸುತ್ತನ್ನು ಕೆಲಸದ ತುದಿಯಿಂದ ಬಿಡಿಸಬಹುದು, ಮನಸ್ಸು ಮೊದಲು ಸರಿಹೋಗಲಿ ಎಂದು ಕಾಯಬೇಕಾಗಿಲ್ಲ. 1996ರಲ್ಲಿ ನೀಲ್ ಜೇಕಬ್ಸನ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಯೋಚನೆಯ ಕ್ರಮವನ್ನೇ ತಿದ್ದುವ ಪೂರ್ಣ ಚಿಕಿತ್ಸೆ ಪಡೆದವರಷ್ಟೇ ಗುಣ, ಚಟುವಟಿಕೆಯ ಭಾಗ ಮಾತ್ರ ಪಡೆದವರಲ್ಲೂ ಕಂಡಿತು. ಬಳಕೆಯಲ್ಲಿ ಇದು ಹೇಗಿರುತ್ತದೆ? ಮದುವೆಯಾಗಿ ಮಕ್ಕಳಿರುವ ಹೆಂಗಸೊಬ್ಬಳನ್ನು ಕಲ್ಪಿಸಿಕೊಳ್ಳಿ. ಸಮಾಲೋಚಕಿ ಅವಳ ಜೊತೆ ಕೂತು ನಿನ್ನೆಯ ದಿನವನ್ನು ಹೊತ್ತಿನ ಪ್ರಕಾರ ಒಂದು ಹಾಳೆಯ ಮೇಲೆ ಬರೆಯುತ್ತಾಳೆ: ಎಷ್ಟಕ್ಕೆ ಎದ್ದಳು, ಏನು ಮಾಡಿದಳು, ಆಗ ಮನಸ್ಸು ಹೇಗಿತ್ತು. ಮಧ್ಯಾಹ್ನ ಎರಡರಿಂದ ಐದರವರೆಗೆ ಗೋಡೆಗೆ ಮುಖ ಮಾಡಿ ಮಲಗಿದ್ದು, ಆ ಮೂರು ಗಂಟೆಯಲ್ಲೇ ಹಳೆಯ ಜಗಳಗಳೆಲ್ಲ ತಲೆಯಲ್ಲಿ ತಿರುಗಿದ್ದು ಹಾಳೆಯ ಮೇಲೆ ಕಾಣುತ್ತದೆ. ಮೊದಲೆಲ್ಲ ಆ ಹೊತ್ತಿಗೆ ಪಕ್ಕದ ಮನೆಯವಳ ಜೊತೆ ಜಗಲಿಯಲ್ಲಿ ಹೂ ಕಟ್ಟುತ್ತಿದ್ದಳು, ಸಂಘದ ಸಭೆಗೆ ಹೋಗುತ್ತಿದ್ದಳು, ಎರಡೂ ನಿಂತಿವೆ. ಈ ವಾರ ಸಭೆಗೆ ಹೋಗುವುದು ಅವಳಿಗೆ ಬೆಟ್ಟ. ನಾಳೆ ಹತ್ತು ನಿಮಿಷ ಜಗಲಿಯಲ್ಲಿ ಕೂರುವುದು ಆಗಬಹುದು. ಅದನ್ನೇ ಬರೆದುಕೊಳ್ಳುತ್ತಾರೆ. ಮುಂದಿನ ವಾರ ಆಯಿತೇ, ಆಗದಿದ್ದರೆ ಏನು ಅಡ್ಡಬಂತು ಎಂದು ನೋಡುತ್ತಾರೆ.

ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಒಟ್ಟು 495 ಜನ. ಮೂರು ತಿಂಗಳ ನಂತರ ಸಮಾಲೋಚನೆ ಪಡೆದವರಲ್ಲಿ ನೂರಕ್ಕೆ 64 ಮಂದಿಯ ಅಂಕ ಖಿನ್ನತೆಯ ಗೆರೆಗಿಂತ ಕೆಳಗಿಳಿದಿತ್ತು. ಎಂದಿನ ಚಿಕಿತ್ಸೆಯವರಲ್ಲಿ 39. ಇಲ್ಲಿ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಬೇಕು. ಆ 39 ಮಂದಿ ಸಮಾಲೋಚನೆ ಇಲ್ಲದೆಯೇ ಚೇತರಿಸಿಕೊಂಡವರು. ಖಿನ್ನತೆ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ, ಅದರ ಶ್ರೇಯಸ್ಸನ್ನು ಯಾವ ಚಿಕಿತ್ಸೆಯೂ ಪಡೆಯಬಾರದು. ಕಾರ್ಯಕ್ರಮದ ಲೆಕ್ಕಕ್ಕೆ ಬರುವುದು ನಡುವಿನ 25 ಮಾತ್ರ. ಒಂದು ವರ್ಷದ ಹೊತ್ತಿಗೆ ಅಂತರ ಉಳಿದಿತ್ತಾದರೂ ಮೊದಲಿನಷ್ಟು ಅಗಲವಾಗಿರಲಿಲ್ಲ. ಅಷ್ಟಿದ್ದೂ ಇದನ್ನು ನಾನು ದೊಡ್ಡ ಸಾಧನೆ ಎಂದೇ ಎಣಿಸುತ್ತೇನೆ. ಕಾರಣ ಈ ಅಂಕಗಳಿಗಿಂತ ಹೆಚ್ಚಾಗಿ ಅವುಗಳ ಜೊತೆಗೆ ಬಂದ ಇತರ ಬದಲಾವಣೆಗಳು: ಕೆಲಸ ತಪ್ಪಿದ ದಿನಗಳು ಕಡಿಮೆಯಾದವು, ದಿನಬಳಕೆಯ ಕೆಲಸದಲ್ಲಿನ ಅಸಹಾಯಕತೆ ತಗ್ಗಿತು, ಸಾವಿನ ಯೋಚನೆ ಮತ್ತು ಪ್ರಯತ್ನಗಳು ಇಳಿದವು. ಕಾಯಿಲೆ ಯಾವುದನ್ನು ಕಿತ್ತುಕೊಂಡಿತ್ತೋ ಅದೇ ಸ್ವಲ್ಪ ಸ್ವಲ್ಪವಾಗಿ ಮರಳಿತು.

ಇದಕ್ಕೆ ತಕ್ಷಣ ಬರುವ ಆಕ್ಷೇಪ, ಇದನ್ನೇ ಅಲ್ಲವೇ ನಮ್ಮ ಹಿರಿಯರು ಹೇಳುತ್ತಿದ್ದದ್ದು ಎಂಬುದು. ಸುಮ್ಮನೆ ಕೂತರೆ ಇಲ್ಲದ ಯೋಚನೆ ಬರುತ್ತದೆ, ಎದ್ದು ಕೈಗೊಂದು ಕೆಲಸ ಹಚ್ಚಿಕೋ ಎಂದು ಪ್ರತಿ ಮನೆಯಲ್ಲೂ ಯಾರೋ ಒಬ್ಬರು ಹೇಳಿರುತ್ತಾರೆ. ಆ ಮಾತಿನಲ್ಲಿ ಅನುಭವದ ಸತ್ಯವಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಮಾತು ಕಾಯಿಲೆಯವರ ಕಿವಿಗೆ ಬೀಳುವುದು ಆಪಾದನೆಯಾಗಿ: ನೀನು ಸೋಮಾರಿ, ಮನಸ್ಸು ಮಾಡುತ್ತಿಲ್ಲ. ಮಾಡಲು ಹೋಗಿ ಆಗದಿದ್ದಾಗ ‘ನಾನು ಯಾತಕ್ಕೂ ಬಾರದವಳು’ ಎಂಬ ಭಾವಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಂತಾಗುತ್ತದೆ. ಗೋವಾದ ಕ್ರಮದಲ್ಲಿ ಸೋಲಿಗೂ ಜಾಗವಿದೆ. ಹತ್ತು ನಿಮಿಷ ಆಗದಿದ್ದರೆ ಐದಕ್ಕೆ ಇಳಿಸುತ್ತಾರೆ, ಅಡ್ಡಿ ಹುಡುಕುತ್ತಾರೆ, ತಪ್ಪು ಹೊರಿಸುವುದಿಲ್ಲ. ಇನ್ನೂ ಮುಖ್ಯವಾದ ವ್ಯತ್ಯಾಸವೊಂದಿದೆ. ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತರವರೆಗೆ ದುಡಿಯುವ ಹೆಂಗಸಿಗೆ ಕೆಲಸದ ಕೊರತೆಯಿಲ್ಲ. ಆ ದುಡಿಮೆಯಲ್ಲಿ ಅವಳದು ಅನ್ನುವಂಥದ್ದು ಏನೂ ಉಳಿದಿರುವುದಿಲ್ಲ. ಅವಳಿಗೆ ಚಟುವಟಿಕೆ ಎಂದರೆ ತವರಿಗೆ ಒಂದು ಫೋನು, ಅರ್ಧ ಗಂಟೆ ಕಾಲು ಚಾಚಿ ಕೂರುವುದು ಆಗಿರಬಹುದು. ಸಮಾಲೋಚಕಿ ಇದನ್ನು ಮರೆತರೆ ಇಡೀ ಕ್ರಮ ಸೊಸೆಯನ್ನು ಮತ್ತೆ ಒಲೆಯ ಮುಂದೆ ನಿಲ್ಲಿಸುವ ಉಪಾಯವಾಗಿ ಕೆಟ್ಟುಹೋಗುತ್ತದೆ. ಈ ಅಪಾಯ ನಿಜವಾದದ್ದು. ಕೈಪಿಡಿ ಇದನ್ನು ತಡೆಯಲಾರದು, ತರಬೇತಿ ಮಾತ್ರ ತಡೆದೀತು.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಸಾಲ, ಬರ, ಕುಡುಕ ಗಂಡ, ಇಲ್ಲದ ಕೂಲಿ ಇವು ಕಾರಣವಾಗಿರುವಲ್ಲಿ ಚಟುವಟಿಕೆಯ ಹಾಳೆ ಬರೆಸುವುದು ಅನ್ಯಾಯಕ್ಕೆ ಹೊಂದಿಕೊಳ್ಳುವುದನ್ನು ಕಲಿಸಿದಂತೆ ಎನ್ನುವವರಿದ್ದಾರೆ. ಬಡತನ ಖಿನ್ನತೆಯನ್ನು ತರುತ್ತದೆ, ನಿಜ. ಹಣ ಕೈಸೇರಿದಾಗ ಖಿನ್ನತೆ ಇಳಿಯುತ್ತದೆಂದು ಹಲವು ದೇಶಗಳ ಪ್ರಯೋಗಗಳು ತೋರಿಸಿವೆ. ಆದರೆ ಖಿನ್ನತೆಯೂ ಬಡತನವನ್ನು ತರುತ್ತದೆ. ವಿಕ್ರಮ್ ಪಟೇಲ್ ಸಹಲೇಖಕರಾಗಿರುವ, 2020ರಲ್ಲಿ ‘ಸೈನ್ಸ್’ನಲ್ಲಿ ಬಂದ ಲೇಖನವೊಂದು ಎರಡೂ ದಿಕ್ಕಿನ ಸಾಕ್ಷ್ಯವನ್ನು ಒಟ್ಟಿಗೆ ಇಟ್ಟಿದೆ. ಕೂಲಿಗೆ ಹೋಗಲಾಗದವನ ಸಾಲ ಬೆಳೆಯುತ್ತದೆ, ಅರ್ಜಿ ಬರೆದು ತಾಲೂಕು ಕಚೇರಿಗೆ ಅಲೆಯಲಾಗದವಳ ಪಿಂಚಣಿ ನಿಲ್ಲುತ್ತದೆ. ನ್ಯಾಯಕ್ಕಾಗಿ ಹೋರಾಡಬೇಕಾದರೂ ಹಾಸಿಗೆಯಿಂದ ಏಳುವ ತ್ರಾಣ ಬೇಕಲ್ಲವೇ? ಗೋವಾದ ಪ್ರಯೋಗದಲ್ಲಿ ಗಂಡನಿಂದ ಹೊಡೆತ ತಿನ್ನುತ್ತಿದ್ದೇವೆಂದು ಹೇಳುವ ಹೆಂಗಸರ ಪ್ರಮಾಣ ಸಮಾಲೋಚನೆ ಪಡೆದ ಗುಂಪಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಯಾಕೆ ಹೀಗಾಯಿತು ಎಂಬುದನ್ನು ಅಂಕಿಗಳು ಹೇಳುವುದಿಲ್ಲ, ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವುದೂ ಸರಿಯಲ್ಲ. ಆದರೆ ಇವರನ್ನು ಸಹಿಸಿಕೊಂಡಿರಲು ಕಲಿಸಲಾಯಿತು ಎಂಬ ಆರೋಪಕ್ಕೆ ಈ ಅಂಕಿ ಹೊಂದುವುದಿಲ್ಲ.

ಮಾತ್ರೆ ಬೇಡವೇ ಎಂಬುದು ಇನ್ನೊಂದು ಪ್ರಶ್ನೆ. ಬೇಕು. 2018ರಲ್ಲಿ ‘ಲ್ಯಾನ್ಸೆಟ್’ನಲ್ಲೇ ಬಂದ, 522 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ 21 ಖಿನ್ನತೆ ನಿವಾರಕಗಳೂ ಹುಸಿಮಾತ್ರೆಗಿಂತ ಮೇಲೆಂದು ಕಂಡಿವೆ. ಗೋವಾದಲ್ಲಿ ಸಮಾಲೋಚನೆಯ ನಂತರವೂ ಗುಣ ಕಾಣದ, ನೂರಕ್ಕೆ 36 ಮಂದಿ ನಮ್ಮ ಕಣ್ಣ ಮುಂದೆಯೇ ಇದ್ದಾರೆ. ಅವರಿಗೆ ವೈದ್ಯರು, ಔಷಧಿ, ಕೆಲವರಿಗೆ ಆಸ್ಪತ್ರೆ ಬೇಕೇ ಬೇಕು. ಸಮಾಲೋಚಕಿಯೇ ಸಾಕು ಎಂದು ಸರ್ಕಾರ ಕೈತೊಳೆದುಕೊಳ್ಳಲು ಈ ಪ್ರಯೋಗವನ್ನು ನೆಪ ಮಾಡಿಕೊಳ್ಳಕೂಡದು.

ಕಾರ್ಯಕ್ರಮದ ನಿಜವಾದ ಕೊರತೆ ಬೇರೆಡೆ ಇದೆ. ಅದರಲ್ಲಿ ಸೇರಿದವರಲ್ಲಿ ಬಹುಪಾಲು ಹೆಂಗಸರು. ಅದೇ ಯೋಜನೆಯ ಇನ್ನೊಂದು ಭಾಗವಾಗಿ ಕುಡಿತದ ಸಮಸ್ಯೆಗೆ ಸಮಾಲೋಚನೆ ನಡೆಯಿತು, ಅದರಲ್ಲಿದ್ದವರೆಲ್ಲ ಗಂಡಸರು. ಖಿನ್ನತೆ ಹೆಂಗಸರಿಗೆ, ಕುಡಿತ ಗಂಡಸರಿಗೆ ಎಂದು ಒಂದೇ ಮನೆಯ ಸಂಕಟ ಎರಡು ಕಡತಗಳಲ್ಲಿ ಹಂಚಿಹೋಯಿತು. ಸಂಜೆಯ ಬಾಟಲಿಯ ಹಿಂದೆ ಖಿನ್ನತೆಯನ್ನು ಮುಚ್ಚಿಟ್ಟುಕೊಂಡ ಗಂಡಸು ಹಗಲು ಹತ್ತು ಗಂಟೆಯ ಒಪಿಡಿಗೆ ಬರುವವನಲ್ಲ. ಮೊದಲ ಹೆಜ್ಜೆ ಯಾರದು ಎಂಬ ನನ್ನ ಪ್ರಶ್ನೆಗೆ ಅವನ ವಿಷಯದಲ್ಲಿ ಗೋವಾದ ಬಳಿಯೂ ಪೂರ್ತಿ ಉತ್ತರವಿಲ್ಲ.

ಕರ್ನಾಟಕಕ್ಕೆ ಇದು ಹೊರಗಿನವರ ಪಾಠವಾಗಬೇಕಾಗಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ಸಾಧ್ಯ ಎಂದು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟದ್ದು ನಿಮ್ಹಾನ್ಸ್. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಳ್ಳಾರಿಯ ಮಾದರಿಯನ್ನೇ ಆಧರಿಸಿದ್ದು. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ನಮ್ಮಲ್ಲಿದೆ. 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಯ ‘ಟೆಲಿ ಮಾನಸ್’ ಹಗಲಿರುಳು ಕನ್ನಡದಲ್ಲೂ ಸಿಗುತ್ತದೆ, ಮನೆಯವರೂ ಅದಕ್ಕೆ ಕರೆ ಮಾಡಬಹುದು. ಇವೆಲ್ಲ ಬೆಲೆಯುಳ್ಳವೇ. ಆದರೆ ಮಂಗಳವಾರ ತಾಲೂಕಿಗೆ ಬಸ್ಸು ಹತ್ತಬೇಕಾದವರು, ಫೋನು ಎತ್ತಬೇಕಾದವರು ಕಾಯಿಲೆಯವರು ಅಥವಾ ಅದನ್ನು ಕಾಯಿಲೆ ಎಂದು ಗುರುತಿಸಬಲ್ಲ ಮನೆಯವರು. ಹಳ್ಳಿಯ ಒಪಿಡಿಯಲ್ಲಿ ಮೂರನೆಯ ಸಲ ಮೈಕೈ ನೋವೆಂದು ಬಂದವಳಿಗೆ ಒಂಬತ್ತು ಪ್ರಶ್ನೆ ಕೇಳಿ, ಆಮೇಲೆ ಅವಳ ಮನೆಯ ದಾರಿ ಹಿಡಿಯುವವರು ಬೇಕು. ಆಶಾ ಕಾರ್ಯಕರ್ತೆಗೇ ಇದನ್ನೂ ವಹಿಸಿಬಿಡಿ ಎನ್ನುವುದು ಸುಲಭ. ಗರ್ಭಿಣಿಯರು, ಲಸಿಕೆ, ಕ್ಷಯ, ಬಿಪಿ, ಸಮೀಕ್ಷೆ ಎಲ್ಲವನ್ನೂ ಗೌರವಧನಕ್ಕೆ ಹೊತ್ತಿರುವವಳ ಮೇಲೆ ಅರ್ಧ ಗಂಟೆಯ ಎಂಟೆಂಟು ಭೇಟಿಗಳನ್ನು ಹೇರಿದರೆ, ಆಗದ ಭೇಟಿಗಳು ರಿಜಿಸ್ಟರಿನಲ್ಲಿ ಮಾತ್ರ ಆಗುತ್ತವೆ. ಗೋವಾದ ಸಮಾಲೋಚಕರು ಇದೇ ಕೆಲಸಕ್ಕೆಂದು ನೇಮಕವಾದವರು, ಅವರ ಕೆಲಸ ಕೇಳಿಸಿಕೊಂಡು ತಿದ್ದುವ ಜನ ಜೊತೆಗಿದ್ದರು. ಪ್ರಯೋಗದ ಫಲ ನಿಂತಿರುವುದು ಈ ಎರಡರ ಮೇಲೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಲ್ಲಿನ ಮಾತು ಬಲ್ಲ ಒಬ್ಬ ಸಂಬಳದ ಸಮಾಲೋಚಕಿ, ಅವಳಿಗೆ ಓಡಾಟದ ಖರ್ಚು, ತಿಂಗಳಿಗೆರಡು ಬಾರಿ ಜಿಲ್ಲಾ ತಂಡದ ಜೊತೆ ಕೂತು ಕೆಲಸ ತಿದ್ದಿಕೊಳ್ಳುವ ಅವಕಾಶ, ಸಂಜೆ ಹೊತ್ತು ಗಂಡಸರನ್ನು ಅವರಿರುವಲ್ಲೇ ಹೋಗಿ ಕಾಣಲು ಒಬ್ಬ ಜೊತೆಗಾರ: ಮಂಜೂರಾಗಬೇಕಾದದ್ದು ಇಷ್ಟು. ಭಿತ್ತಿಪತ್ರ, ಜಾಥಾಗಳಿಗೆ ಹಣ ತೆಗೆದಿಡುವ ಮುನ್ನ ಈ ಹುದ್ದೆಗಳಿಗೆ ತೆಗೆದಿಡಬೇಕು.