ಹಳೆಯ ಯೆಜ್ಡಿಯ ‘ಟ್ಯೂನಿಂಗ್’: ವಿಜ್ಞಾನವೆಷ್ಟು, ಸದ್ದೆಷ್ಟು?

ಭಾನುವಾರ ಬೆಳಿಗ್ಗೆ ಮನೆಯ ಅಂಗಳದಲ್ಲಿ ಹಳೆಯ ಜಾವಾ ಅಥವಾ ಯೆಜ್ಡಿ ಬೈಕನ್ನು ಬಿಚ್ಚಿ ಹರಡಿಕೊಂಡು ಕೂತವರನ್ನು ನೀವು ನೋಡಿರಬಹುದು. ನೀವೇ ಅಂಥವರಲ್ಲಿ ಒಬ್ಬರಾಗಿರಲೂಬಹುದು. ಕೈಗೆ ಗ್ರೀಸು ಮೆತ್ತಿಕೊಂಡು ಯಂತ್ರವೊಂದನ್ನು ಅರಿಯುವ ಈ ಹವ್ಯಾಸ ಒಳ್ಳೆಯದೇ. ಆದರೆ ಟ್ಯೂನಿಂಗ್ ಎಂಬ ಹೆಸರಿನಲ್ಲಿ ನಡೆಯುವುದೆಲ್ಲವೂ ಟ್ಯೂನಿಂಗ್ ಹೌದೇ? ಅದನ್ನು ಇಲ್ಲಿ ಪರಿಶೀಲಿಸೋಣ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಚೆಕೊಸ್ಲೊವಾಕಿಯದ ಪರವಾನಗಿಯ ಮೇಲೆ ಜಾವಾ ಬೈಕುಗಳನ್ನು ತಯಾರಿಸತೊಡಗಿತು. 1970ರ ದಶಕದಲ್ಲಿ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಗ ಅದೇ ಹೆಸರುಗಳಲ್ಲಿ ಬರುತ್ತಿರುವ ಬೈಕುಗಳ ಎಂಜಿನ್ ಬೇರೆಯೇ. ಅವು ನಾಲ್ಕು ಸ್ಟ್ರೋಕಿನವು. ಆದ್ದರಿಂದ ಉಳಿದಿರುವ ಹಳೆಯ ಎರಡು ಸ್ಟ್ರೋಕಿನ ಎಂಜಿನ್ ಒಂದು ಕೆಟ್ಟರೆ ಅಷ್ಟರಮಟ್ಟಿಗೆ ಸಂಖ್ಯೆ ಇಳಿದಂತೆಯೇ.

ವೀಣೆಗೆ ಶ್ರುತಿ ಮಾಡುವವರು ತಂತಿಗಳನ್ನು ಒಂದಕ್ಕೊಂದು ಹೊಂದಿಸುತ್ತಾರೆ. ಸದ್ದು ಹೆಚ್ಚಲೆಂದು ಬುರುಡೆಗೆ ತೂತು ಕೊರೆಯುವುದಿಲ್ಲ. ಎಂಜಿನ್ನಿನ ಟ್ಯೂನಿಂಗ್ ಕೂಡ ಹಾಗೆಯೇ. ಗಾಳಿ, ಇಂಧನ, ಕಿಡಿ, ಹೊಗೆಯ ಹಾದಿ ಇವು ನಾಲ್ಕನ್ನೂ ಒಂದಕ್ಕೊಂದು ಹೊಂದಿಸುವುದೇ ಅದರ ಅರ್ಥ. ನಮ್ಮಲ್ಲಿ ರೂಢಿಯಲ್ಲಿರುವ ಕೆಲವು ‘ಸುಧಾರಣೆ’ಗಳನ್ನು ಈ ಅಳತೆಗೋಲಿನಿಂದ ನೋಡಿ.

ಸೈಲೆನ್ಸರಿನ ಒಳಕೊಳವೆ ತೆಗೆಯುವುದು

ಜಾವಾ, ಯೆಜ್ಡಿಗಳಲ್ಲಿ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳು. ಒಳಗಿನ ಬ್ಯಾಫಲ್ ಕೊಳವೆಯನ್ನು ಹೊರತೆಗೆದು ಇದ್ದಿಲು ಕೆರೆಯಲು ಅನುಕೂಲವಾಗುವಂತೆ ಅವುಗಳ ರಚನೆಯಿದೆ. ಅನೇಕರು ಕೆರೆಯಲು ಹೊರತೆಗೆದದ್ದನ್ನು ಮತ್ತೆ ಹಾಕುವುದೇ ಇಲ್ಲ. ‘ಗಾಡಿಗೆ ಉಸಿರು ಸಿಕ್ಕಿತು’ ಎನ್ನುತ್ತಾರೆ.

ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಬರುವ ಬಾಗಿಲೂ ಹೊಗೆ ಹೊರಹೋಗುವ ಬಾಗಿಲೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಆಗ ಹೊಸ ಮಿಶ್ರಣದ ಒಂದು ಪಾಲು ಉರಿಯದೆಯೇ ಹೊರಗೆ ಜಾರುತ್ತದೆ. ಅದನ್ನು ಹಿಂದಕ್ಕೆ ತಳ್ಳುವುದು ಯಾವುದು? ಸೈಲೆನ್ಸರಿನ ಒಳಗೋಡೆಗೆ ಬಡಿದು ಮರಳುವ ಒತ್ತಡದ ಅಲೆ.

ಒಂದು ಲೆಕ್ಕ ಹಾಕಿ. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುವಾಗ ಒಂದು ಸುತ್ತಿಗೆ 12 ಮಿಲಿಸೆಕೆಂಡು. ಹೊಗೆಯ ಬಾಗಿಲು 160 ಡಿಗ್ರಿಯಷ್ಟು ಕಾಲ ತೆರೆದಿರುವುದಾದರೆ ಅದು 5.3 ಮಿಲಿಸೆಕೆಂಡು. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಅಂದರೆ ಅಷ್ಟರಲ್ಲಿ ಅಲೆ 2.7 ಮೀಟರಿನಷ್ಟು ಸಾಗುತ್ತದೆ. ಹೋಗಿ ಬರಲು 1.3 ಮೀಟರಿನ ಆಸುಪಾಸಿನ ಹಾದಿ. ಬೈಕಿನ ಹೊಗೆಕೊಳವೆ ಮತ್ತು ಸೈಲೆನ್ಸರಿಗೆ ಟೇಪು ಹಿಡಿದು ಅಳೆದು ನೋಡಿ. ಆ ಉದ್ದ ಬರೀ ಅಂದಕ್ಕಾಗಿ ಇಟ್ಟದ್ದಲ್ಲ ಎಂಬುದು ನಿಮಗೇ ಹೊಳೆಯುತ್ತದೆ.

ಮುಚ್ಚಿದ ಗೋಡೆಯಿಂದ ಮರಳುವ ಅಲೆ ತಳ್ಳುತ್ತದೆ. ತೆರೆದ ತುದಿಯಿಂದ ಮರಳುವ ಅಲೆ ಎಳೆಯುತ್ತದೆ. ಬ್ಯಾಫಲ್ ತೆಗೆದಾಗ ಅಲೆಗಳ ಈ ಹೊಂದಾಣಿಕೆ ಕೆಟ್ಟು, ಉರಿಯದ ಪೆಟ್ರೋಲು ಇನ್ನಷ್ಟು ಹೊರಗೆ ಹೋಗುವ ಸಂಭವವೇ ಹೆಚ್ಚು. ಹೆಚ್ಚುವುದು ಸದ್ದು. ಸದ್ದು ಹೆಚ್ಚಾದದ್ದನ್ನು ಕಿವಿ ವೇಗವೆಂದು ತಿಳಿಯುತ್ತದೆ. ನಂಬಿಕೆ ಬಾರದಿದ್ದರೆ ಖಾಲಿ ಸಮತಟ್ಟಾದ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ 30ರಿಂದ 50 ಕಿಲೋಮೀಟರ್ ವೇಗಕ್ಕೆ ಏರಲು ಬೇಕಾಗುವ ಸಮಯವನ್ನು ಹಿಂದೆ ಕುಳಿತವರಿಂದ ಗಡಿಯಾರ ಹಿಡಿಸಿ ಅಳೆಯಿರಿ. ಎರಡೂ ದಿಕ್ಕಿನಲ್ಲಿ ಐದೈದು ಸಲ ಓಡಿಸಿ ಸರಾಸರಿ ತೆಗೆಯಿರಿ. ಬ್ಯಾಫಲ್ ಹಾಕಿ ಒಮ್ಮೆ, ತೆಗೆದು ಒಮ್ಮೆ. ಅಳತೆಗೆ ಸಿಗದ ಸುಧಾರಣೆ ಸುಧಾರಣೆಯಲ್ಲ.

ಗಾಳಿ ಸೋಸುಕವಿಲ್ಲದ ಎಂಜಿನ್

ಇದು ನನ್ನದೇ ತಪ್ಪಿನ ಕಥೆ. ಪರಿಚಿತರೊಬ್ಬರ ಮಾತು ಕೇಳಿ ನನ್ನ ಯೆಜ್ಡಿಯ ಏರ್ ಫಿಲ್ಟರನ್ನು ಕಿತ್ತಿಟ್ಟೆ. ಎರಡು ದಿನ ಗಾಡಿ ಚುರುಕಾಗಿ ಓಡಿದಂತೆ ಅನ್ನಿಸಿತು. ಮೂರನೆಯ ದಿನ ಚಾಮುಂಡಿ ಬೆಟ್ಟದ ಏರಿನಲ್ಲಿ, ತಮ್ಮನನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಾಗ, ಎಂಜಿನ್ ಕಿರ್ರೆಂದು ಹಿಡಿದುಕೊಂಡಿತು. ಹಿಂದಿನ ಚಕ್ರ ಗಕ್ಕನೆ ನಿಂತಿತು. ಬೆರಳು ಕ್ಲಚ್ ಹಿಡಿಯ ಮೇಲಿದ್ದುದರಿಂದ ಇಬ್ಬರೂ ಉಳಿದೆವು. ಪಿಸ್ಟನ್ನಿನ ಪಕ್ಕೆ ಗೀರಿಹೋಗಿತ್ತು. ಇಳಿಜಾರಿನಲ್ಲೋ ಹೆದ್ದಾರಿಯಲ್ಲೋ ಹೀಗಾಗಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ.

ಕಾರಣ ಸರಳ. ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಹೆಚ್ಚಿನ ಶಕ್ತಿ ಸಿಗುವುದು ಇದಕ್ಕಿಂತ ಕೊಂಚ ಗಟ್ಟಿ ಮಿಶ್ರಣದಲ್ಲಿ, ಸುಮಾರು 13 ಪಟ್ಟಿನ ಬಳಿ. ಸೋಸುಕದ ಅಡ್ಡಿಯನ್ನು ಲೆಕ್ಕಕ್ಕೆ ಹಿಡಿದೇ ಕಾರ್ಬುರೇಟರಿನ ಜೆಟ್ ಆರಿಸಿರುತ್ತಾರೆ. ಅಡ್ಡಿ ಹೋದರೆ ಜೆಟ್ಟಿನಿಂದ ಪೆಟ್ರೋಲನ್ನು ಎಳೆಯುವ ನಿರ್ವಾತ ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ. ಪಿಸ್ಟನ್ ಮಿತಿಮೀರಿ ಕಾಯ್ದು ಹಿಗ್ಗುತ್ತದೆ. ಜೊತೆಗೆ ರಸ್ತೆಯ ದೂಳು ನೇರವಾಗಿ ಬೇರಿಂಗಿಗೂ ಸಿಲಿಂಡರಿಗೂ ಇಳಿಯುತ್ತದೆ.

ಎಣ್ಣೆ ಹೆಚ್ಚಾದಷ್ಟೂ ಒಳ್ಳೆಯದೇ?

‘ಇರಲಿ, ಎರಡು ಮುಚ್ಚಳ ಹೆಚ್ಚು ಹಾಕಿ’ ಎಂಬ ಸಲಹೆ ಬಂಕುಗಳಲ್ಲಿ ಈಗಲೂ ಕೇಳಸಿಗುತ್ತದೆ. ಜೆಟ್ಟಿನ ತೂತು ಅಷ್ಟೇ ಇರುವಾಗ ಎಣ್ಣೆ ಹೆಚ್ಚಾದರೆ ಅದರ ಮೂಲಕ ಹೋಗುವ ಪೆಟ್ರೋಲು ಕಡಿಮೆಯಾಗುತ್ತದೆ. ಅಂದರೆ ಎಂಜಿನ್ನನ್ನು ಕಾಪಾಡಲು ಸುರಿದ ಎಣ್ಣೆಯೇ ಮಿಶ್ರಣವನ್ನು ತೆಳುವಾಗಿಸುತ್ತದೆ! ಹೊಗೆಯೂ ಇದ್ದಿಲೂ ಇದರ ಮೇಲಿನ ದಂಡ. ಕೈಪಿಡಿಯ ಪ್ರಮಾಣವನ್ನು ಅಳತೆಯ ಪಾತ್ರೆಯಲ್ಲೇ ಅಳೆದು ಹಾಕಿ.

ಈಗ ನಿಜವಾಗಿ ಬೇಕಾದ ಟ್ಯೂನಿಂಗ್

ಹಾಗಾದರೆ ಏನನ್ನೂ ಮುಟ್ಟಬಾರದೇ? ಮುಟ್ಟಲೇಬೇಕಾದ ಕಾರಣವೊಂದು ಈಗ ಬಂದಿದೆ. 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇಕಡಾ 20ಕ್ಕೆ ಮುಟ್ಟಿತು. ಎಥನಾಲಿಗೆ ಬೇಕಾಗುವುದು ತೂಕದ 9 ಪಟ್ಟು ಗಾಳಿ ಮಾತ್ರ. ಆದ್ದರಿಂದ ಈ ಮಿಶ್ರ ಇಂಧನಕ್ಕೆ ಬೇಕಾದ ಗಾಳಿ ಸುಮಾರು 13.5 ಪಟ್ಟು. ಹಳೆಯ ಜೆಟ್ ಹಳೆಯ ಲೆಕ್ಕದಲ್ಲೇ ಇಂಧನ ಕೊಡುತ್ತಿರುವುದರಿಂದ ಮಿಶ್ರಣ ಶೇಕಡಾ 8ರಷ್ಟು ತೆಳುವಾದಂತೆ. ಸ್ಪಾರ್ಕ್ ಪ್ಲಗ್ಗಿನ ತುದಿ ನೋಡಿ: ಕಂದು ಬಣ್ಣವಿದ್ದರೆ ಸರಿ, ಬಿಳಿಚಿದ್ದರೆ ತೆಳು, ಕಪ್ಪಾಗಿ ಒದ್ದೆಯಾಗಿದ್ದರೆ ಗಟ್ಟಿ. ಬಿಳಿಚಿಕೊಂಡಿದ್ದರೆ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿ. ತೂತನ್ನು ಸೂಜಿಯಿಂದ ಹಿಗ್ಗಿಸಬೇಡಿ. ಎಥನಾಲ್ ನೀರನ್ನೂ ಹೀರುತ್ತದೆ, ಹಳೆಯ ರಬ್ಬರನ್ನೂ ಮೆತ್ತಗಾಗಿಸುತ್ತದೆ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿಡಿ.

6 ವೋಲ್ಟಿನ ವಿದ್ಯುತ್ ವ್ಯವಸ್ಥೆಯನ್ನು 12ಕ್ಕೆ ಏರಿಸುವುದನ್ನೂ ನಾನು ತಪ್ಪೆನ್ನಲಾರೆ. ಅಷ್ಟೇ ವಾಟಿನ ದೀಪಕ್ಕೆ ಅರ್ಧದಷ್ಟು ವಿದ್ಯುತ್ ಪ್ರವಾಹ ಸಾಕು. ಅದೇ ತಂತಿಯಲ್ಲಿ ಆಗುವ ನಷ್ಟ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ರಾತ್ರಿ ರಸ್ತೆ ಕಾಣುತ್ತದೆ. ಹಳೆಯ ಭಾಗಗಳನ್ನು ಜೋಪಾನವಾಗಿ ಎತ್ತಿಟ್ಟರೆ ನಾಳೆ ಮರಳಿ ಜೋಡಿಸಲೂ ಬಹುದು. ಎಲ್ಲವೂ ಕಾರ್ಖಾನೆಯಿಂದ ಬಂದಂತೆಯೇ ಇರಬೇಕೆಂಬ ಮಡಿವಂತಿಕೆಯನ್ನೂ ನಾನು ಒಪ್ಪುವುದಿಲ್ಲ.

ಕತ್ತರಿಸಿದ ಚೌಕಟ್ಟು

ಆದರೆ ಮರಳಿ ಜೋಡಿಸಲಾಗದ ಕೆಲಸವೊಂದಿದೆ. ಚೆಂದಕ್ಕೆಂದು ಚೌಕಟ್ಟಿನ ಹಿಂಭಾಗವನ್ನು ಗರಗಸದಿಂದ ಕುಯ್ದು, ವೆಲ್ಡಿಂಗ್ ಮಾಡಿ, ಸೀಟು ತಗ್ಗಿಸುವುದು. ಬೆಸುಗೆಯ ಪಕ್ಕದ ಲೋಹ ತನ್ನ ಗುಣ ಬದಲಿಸಿ, ಕುಲುಕಾಟದಲ್ಲಿ ದಣಿದು, ಬಿರುಕು ಬಿಡಬಹುದು. ವೇಗ ಹೆಚ್ಚಿಸುವವರೂ ಒಂದು ಲೆಕ್ಕ ಮರೆಯುತ್ತಾರೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ 60ರಿಂದ 80 ಕಿಲೋಮೀಟರಿಗೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು 1.8 ಪಟ್ಟು. ಬ್ರೇಕಿನ ಡ್ರಮ್ಮು ಮಾತ್ರ ಹಳೆಯದೇ.

ಕಾನೂನೂ ಇದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿದಿದೆ. 2021ರ ನಿಯಮದಂತೆ ನೋಂದಣಿಯಾಗಿ 50 ವರ್ಷ ದಾಟಿದ ಬೈಕಿಗೆ ವಿಂಟೇಜ್ ಮಾನ್ಯತೆ ಸಿಗಬೇಕಾದರೂ ಅದು ಮೂಲರೂಪದಲ್ಲಿ ಉಳಿದಿರಬೇಕು. ಗರಗಸ ಹಾಕಿದ ದಿನವೇ ಆ ಬಾಗಿಲು ಮುಚ್ಚಿತೆನ್ನಿ.

ಮೂರು ಪ್ರಶ್ನೆಗಳು

ಸ್ಪ್ಯಾನರು ಕೈಗೆತ್ತಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಬದಲಾವಣೆಯ ಫಲವನ್ನು ಅಳೆಯಬಲ್ಲೆನೇ? ಬೇಡವೆನಿಸಿದರೆ ಮೊದಲಿನಂತೆ ಮಾಡಬಲ್ಲೆನೇ? ಇದರ ಹೊಗೆ, ಸದ್ದು, ಅಪಾಯ ಬೇರೆಯವರ ಪಾಲಿಗೆ ಹೋಗುವುದೇ? ಬ್ಯಾಫಲ್ ತೆಗೆಯುವುದು ಮೊದಲ ಮತ್ತು ಮೂರನೆಯ ಪ್ರಶ್ನೆಯಲ್ಲಿ ಸೋಲುತ್ತದೆ. ಗರಗಸ ಎರಡನೆಯದರಲ್ಲಿ ಸೋಲುತ್ತದೆ. ಕಾಂಟ್ಯಾಕ್ಟ್ ಪಾಯಿಂಟಿನ ಸಂದನ್ನು ಫೀಲರ್ ಗೇಜಿನಿಂದ ಹೊಂದಿಸುವುದು, ಸೈಲೆನ್ಸರಿನ ಇದ್ದಿಲು ಕೆರೆಯುವುದು, ಸರಿಯಾದ ಜೆಟ್ ಹಾಕುವುದು ಮೂರರಲ್ಲೂ ಗೆಲ್ಲುತ್ತವೆ. ಇವು ಬೀದಿಯಲ್ಲಿ ಯಾರ ಕಣ್ಣಿಗೂ ಬೀಳುವ ಕೆಲಸಗಳಲ್ಲ. ಆದರೆ ಗೀರಿಹೋದ ಆ ಪಿಸ್ಟನ್ನನ್ನು ನಾನು ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಹೊಸ ‘ಸುಧಾರಣೆ’ಯ ಸುದ್ದಿ ತಂದವರಿಗೆ ಮೊದಲು ಅದನ್ನು ತೋರಿಸುತ್ತೇನೆ.